4 ಹೆಕ್ಟೇರ್ ಮರಳು ಬ್ಲಾಕ್: ಎಷ್ಟು ತೆಗೀಬಹುದು?

ದಂಡಿಯವ: ಗಳಗನಾಥದ ಕೆಳಗ ತುಂಗಭದ್ರಾ ಪಾತ್ರದಾಗ 4 ಹೆಕ್ಟೇರ್ ಬ್ಲಾಕ್ ಗುರುತಿಸಿದ್ರು ಅಂತಿಟ್ಕೊಳ್ರಿ. ಪ್ರಮಾಣದ ಲೆಕ್ಕ ಹೆಂಗ? ಸೇತುವೆಯಿಂದ ಎಷ್ಟು ದೂರ ಇರಬೇಕು?

ಮಟ್ಟಗೋಲು: ಮೊದಲು ಜಿಲ್ಲಾ ಸಮೀಕ್ಷಾ ವರದಿ (ಜಿಲ್ಲೆಯಲ್ಲಿ ಎಲ್ಲಿ, ಎಷ್ಟು ಮರಳಿದೆ ಅನ್ನೋ ವರದಿ) ನೋಡ್ರಿ, ಪರಿಸರ ಅನುಮತಿಗೆ ಅದೇ ಬುನಾದಿ. ಮಳೆಗಾಲದ ಮುಂಚೆ ಮತ್ತು ನಂತರ, ನದಿಗೆ ಅಡ್ಡಲಾಗಿ ಗುರುತಿಸಿದ ಅವೇ ಗೆರೆಗಳ ಮೇಲೆ ಮರಳಿನ ಮಟ್ಟ ಅಳೀಬೇಕು. ಸರಾಸರಿ ಅರ್ಧ ಮೀಟರ್ ಏರಿದ್ದರೆ, 4 ಹೆಕ್ಟೇರ್ ಅಂದರೆ 40,000 ಚದರ ಮೀಟರ್, ಹಂಗಾಗಿ 40,000 × 0.5 = 20,000 ಘನ ಮೀಟರ್. ಅದರ ಶೇ. 60ರಷ್ಟು, ಅಂದರೆ 12,000 ಮಾತ್ರ ತೆಗೆಯೋ ಲೆಕ್ಕಕ್ಕೆ ಹಿಡೀರಿ. ಎಡವಟ್ಟಾಗೋದು ಬೆಂಚ್‌ಮಾರ್ಕ್‌ನಲ್ಲಿ, ಅಂದರೆ ಮಟ್ಟ ಅಳೆಯಲು ಆಧಾರವಾಗಿ ಹಿಡಿಯೋ ಸ್ಥಿರ ಗುರುತಿನಲ್ಲಿ. ಎರಡು ಸಲಕ್ಕೆ ಎರಡು ಬೇರೆ ಗುರುತು ಹಿಡಿದು 20 ಸೆಂ.ಮೀ. ತಪ್ಪಿದರೂ 8,000 ಘನ ಮೀಟರ್ ಮರಳು ಕಾಗದದ ಮೇಲೇ ಹುಟ್ಟುತ್ತದೆ! ಪಕ್ಕಾ ಕಾಂಕ್ರೀಟ್ ಕಂಬವನ್ನೇ ಗುರುತು ಮಾಡಿಸ್ರಿ, ಅದರ ಫೋಟೊ ವರದಿಯಲ್ಲಿ ಇರಲಿ.

ವರದಾ ಕಡೆಯವರು: ದೂರದ ವಿಷಯ. 2020ರ ಕೇಂದ್ರ ಮಾರ್ಗಸೂಚಿ ಪ್ರಕಾರ ಸೇತುವೆ, ಜಾಕ್‌ವೆಲ್‌ (ನದಿ ನೀರೆತ್ತುವ ಬಾವಿ) ಇವುಗಳಿಂದ ಮೇಲ್ಪಾತ್ರದಲ್ಲಿ ಕನಿಷ್ಠ 250 ಮೀ., ಕೆಳಪಾತ್ರದಲ್ಲಿ 500 ಮೀ.; ದೊಡ್ಡ ಸೇತುವೆಗೆ ಇನ್ನೂ ಹೆಚ್ಚು. ಕೆಳಗಡೆ ಜಾಸ್ತಿ ಯಾಕಂದ್ರ, ಗುಂಡಿಯ ಅಂಚು ಪ್ರವಾಹದಲ್ಲಿ ಕುಸಿಯುತ್ತಾ ಮೇಲ್ಮುಖವಾಗಿ ಸರಿದು ಕಂಬದ ಬುಡ ಬರಿದು ಮಾಡ್ತದ. ಆಳ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಮೊದಲು ಸಿಗುತ್ತೋ ಅಲ್ಲಿಗೆ ನಿಲ್ಲಿಸಬೇಕು.

ದಂಡಿಯವ: ಹಂಗಾದ್ರ ಗ್ರಾಮಸಭೆಯಲ್ಲಿ ಮಳೆಗಾಲದ ಮುಂಚಿನದು, ನಂತರದ್ದು ಎರಡೂ ಅಳತೆಪಟ್ಟಿ ಕೇಳ್ತೀವಿ.