ಹಳೇ ಜೂನಿಯರ್ 60 ಮಾದರಿ ವಿಮಾನದ ರೆಕ್ಕೆಯ ಕವರಿಂಗ್ ಬಿಡುತ್ತಿಲ್ಲ, ಬಾಲ್ಸಾ ಕಿತ್ತು ಬರುತ್ತಿದೆ

ಮಂಜಿನೂರು (ಮಡಿಕೇರಿ):
ಸಾಕಾಗಿಹೋಗಿದೆ ಮಾರಾಯ್ರೇ. ಮಾವ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಕಟ್ಟಿದ ಕೀಲ್‌ಕ್ರಾಫ್ಟ್ ಜೂನಿಯರ್ 60 ಅಟ್ಟದಲ್ಲಿ ಸಿಕ್ಕಿತು. ಮೇಲಿನ ಹೊದಿಕೆ (ಕವರಿಂಗ್) ತುಂಬಾ ಬೂಷ್ಟು, ಅಲ್ಲಲ್ಲಿ ಹರಿದಿದೆ. ಬಿಚ್ಚಿ ಹೊಸದು ಹಾಕೋಣ ಅಂದರೆ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ಎಳೆದರೆ ಕೆಳಗಿನ ಹಗುರ ಬಾಲ್ಸಾ ಮರ ಸಿಪ್ಪೆ ಸಮೇತ ಬರುತ್ತದೆ. ಇಸ್ತ್ರಿ ಪೆಟ್ಟಿಗೆ ಇಟ್ಟೂ ನೋಡಿದೆ. ಬೇಗ ಏನಾದರೂ ಹೇಳಿ, ಡಿಸೆಂಬರ್ ಒಳಗೆ ಹಾರಿಸಬೇಕು.

ಗ್ಲೋಪ್ಲಗ್ ಗೋಣಿಕೊಪ್ಪ:
ಶಾಖ ಸಾಲದು, ಅಷ್ಟೇ. ಹೀಟ್ ಗನ್ ತಗೊಳ್ಳಿ. ಒಂದು ಮೂಲೆ ಬಿಸಿ ಮಾಡಿ, ಅಂಟು ಮೆತ್ತಗಾದ ಕೂಡಲೇ ಪ್ಲಾಸ್ಟಿಕ್ ಫಿಲ್ಮನ್ನು ಹಿಂದಕ್ಕೆ ಮಡಚಿ, ರೆಕ್ಕೆಗೆ ಒತ್ತಿಕೊಂಡೇ ನಿಧಾನ ಎಳೆಯಿರಿ. ನೆಟ್ಟಗೆ ಮೇಲಕ್ಕೆ ಎತ್ತಿದರೆ ಬಾಲ್ಸಾ ಬರುವುದು ಖಂಡಿತ. ಮೊನೊಕೋಟ್ ಬ್ರಾಂಡಿನ ಫಿಲ್ಮ್ ಆಗಿದ್ದರೆ ಬಣ್ಣ ಮರದ ಮೇಲೇ ಉಳಿಯುತ್ತದೆ, ಅಸಿಟೋನ್ ಬಟ್ಟೆಯಲ್ಲಿ ಒರೆಸಿ.

ಮಂಜಿನೂರು:
ಪಕ್ಕದ ಮನೆಯಿಂದ ಹೀಟ್ ಗನ್ ತಂದೆ. ಮೂಲೆ ಕಂದು ಬಣ್ಣಕ್ಕೆ ತಿರುಗಿತು, ಒಂಥರಾ ವಾಸನೆ ಬಂತು. ಬಿಡಲಿಲ್ಲ.

ಗ್ಲೋಪ್ಲಗ್ ಗೋಣಿಕೊಪ್ಪ:
ಇನ್ನೂ ಹತ್ತಿರ ಹಿಡಿಯಿರಿ. ಹಳೇ ಅಂಟು ಗಟ್ಟಿ ಇರುತ್ತದೆ. ಆ ಗನ್ನೇ ಕಡಿಮೆ ದರ್ಜೆಯದ್ದು ಅನಿಸುತ್ತದೆ. ನನ್ನದರಲ್ಲಿ ಡಿಗ್ರಿ ಸಮೇತ ಡಿಸ್‌ಪ್ಲೇ ಬರುತ್ತದೆ, ಮೂರು ತರದ ಮೂತಿ ಇವೆ. ಫೋಟೋ ಹಾಕಲಾ?

ಕುಶಾಲನಗರ ಡೀಸೆಲ್:
ಗನ್ ಆಫ್ ಮಾಡಿ ಮೊದಲು! ಆ ಕವರಿಂಗ್ ಪ್ಲಾಸ್ಟಿಕ್ಕಾ, ಬಟ್ಟೆಯಾ? ಬೆಳಕಿಗೆ ಹಿಡಿದರೆ ನೇಯ್ಗೆ ಕಾಣುತ್ತಾ? ಎಂಜಿನ್ ಯಾವುದಿತ್ತು?

ಮಂಜಿನೂರು:
ಬಟ್ಟೆಯೇ. ಅತ್ತೆಯ ಹಳೇ ರೇಷ್ಮೆ ಸೀರೆ ಅಂತ ಅಮ್ಮ ಹೇಳುತ್ತಾರೆ. ಮೇಲೆ ವಾರ್ನಿಷ್ ತರ ಹಳದಿ ಪದರ ಇದೆ. ಎಂಜಿನ್ ಡೀಸೆಲ್. ಜೂನಿಯರ್ 60 ಅಂದರೆ ಇದೆಲ್ಲ ಗೊತ್ತಾಗುತ್ತಲ್ವಾ?

ಕುಶಾಲನಗರ ಡೀಸೆಲ್:
ಹೇಗೆ ಗೊತ್ತಾಗುತ್ತೆ ಸಾರ್? ವಿನ್ಯಾಸ 1946ರದ್ದು, ಆದರೆ ಈಗಲೂ ಅದನ್ನು ಕಟ್ಟಿ ಫಿಲ್ಮ್ ಹಾಕುವವರಿದ್ದಾರೆ.

ನಿಮ್ಮದು ರೇಷ್ಮೆ ಮೇಲೆ ಡೋಪ್, ಅಂದರೆ ಬಟ್ಟೆ ಬಿಗಿ ಮಾಡಲು ಹಚ್ಚುವ ವಾರ್ನಿಷ್‌ನಂಥದ್ದು. ಶಾಖಕ್ಕೆ ಬಿಡುವ ಅಂಟೇ ಅದರಲ್ಲಿಲ್ಲ. ಡೋಪ್‌ನಲ್ಲಿ ಎರಡು ಜಾತಿ, ನೈಟ್ರೇಟ್ ಮತ್ತು ಬ್ಯುಟಿರೇಟ್. ನೈಟ್ರೇಟ್ ಡೋಪ್ ಅಂದರೆ ನೈಟ್ರೋಸೆಲ್ಯುಲೋಸ್, ಕಿಡಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಗ್ಲೋ ಪ್ಲಗ್ ಎಂಜಿನ್ನಿನ ಇಂಧನದ ಮೆಥನಾಲ್ ಅದನ್ನು ಹಾಳು ಮಾಡುತ್ತದೆ ಅಂತ ಗ್ಲೋ ಎಂಜಿನ್‌ನವರು ಬ್ಯುಟಿರೇಟ್ ಕಡೆ ಹೋದರು. ಡೀಸೆಲ್ ವಿಮಾನ ಅಂದಮೇಲೆ ನೈಟ್ರೇಟ್ ಇರುವ ಸಾಧ್ಯತೆಯೇ ಜಾಸ್ತಿ.

ರೆಕ್ಕೆಯನ್ನು ಸಮತಟ್ಟಾದ ಹಲಗೆಗೆ ಪಿನ್ ಹಾಕಿ ಕೂರಿಸಿ. ಬಟ್ಟೆಯ ಬಿಗಿ ಹೋದ ಕೂಡಲೇ ತಿರುಚಿಕೊಳ್ಳಬಹುದು. ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳ) ಮಧ್ಯದ ಬಟ್ಟೆ ಯಾವುದಕ್ಕೂ ಅಂಟಿರಲ್ಲ, ಹೊಸ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಿರಿ. ರಿಬ್ ಮತ್ತು ಅಂಚಿನ ಮೇಲೆ ಪಟ್ಟಿ ಉಳಿಯುತ್ತದೆ. ಅದರ ಮೇಲೆ ಮಾತ್ರ ಥಿನ್ನರ್ ಅದ್ದಿದ ಹತ್ತಿ ಇಟ್ಟು, ಮೆತ್ತಗಾಗುವ ತನಕ ಕಾದು, ಮರದ ಎಳೆಯ ದಿಕ್ಕಿನಲ್ಲೇ ಬಿಡಿಸಿ. ಸುರಿಯಬೇಡಿ. ಆ ಕಾಲದ ಬಾಲ್ಸಾ ಸಿಮೆಂಟೂ ಅದೇ ಸೆಲ್ಯುಲೋಸ್ ಜಾತಿಯದ್ದು, ಥಿನ್ನರ್ ಜಾಸ್ತಿಯಾದರೆ ಕೂಡಿಸಿದ ಜಾಗಗಳೇ ಬಿಟ್ಟುಕೊಳ್ಳುತ್ತವೆ.

ಮನೆಯೊಳಗೆ ಬೇಡ, ಬಚ್ಚಲೊಲೆ ಹತ್ತಿರ ಬೇಡವೇ ಬೇಡ. ಮಳೆ ಬಿಟ್ಟ ದಿನ ಕಾಫಿ ಕಣದಲ್ಲಿ ಕೂರಿ.

ಗ್ಲೋಪ್ಲಗ್ ಗೋಣಿಕೊಪ್ಪ:
ಸುಮ್ನೆ ಹೆದರಿಸಬೇಡಿ. ನಾನು ಎಷ್ಟೋ ವಿಮಾನ ಹೀಟ್ ಗನ್‌ನಲ್ಲೇ ಬಿಚ್ಚಿದ್ದೇನೆ. ಒಂದಕ್ಕೂ ಬೆಂಕಿ ಬಿದ್ದಿಲ್ಲ.

ಕುಶಾಲನಗರ ಡೀಸೆಲ್:
ಅವೆಲ್ಲ ಫಿಲ್ಮ್ ಹಾಕಿದವು.

ಗ್ಲೋಪ್ಲಗ್ ಗೋಣಿಕೊಪ್ಪ:
ನಾನೂ ಅದೇ ಹೇಳಿದ್ದು. ಫಿಲ್ಮ್‌ಗೆ ಹೀಟ್ ಗನ್ನೇ ಸರಿ.

ಸ್ಕೇಲ್ ಸೋಮವಾರಪೇಟೆ:
ಅತ್ತೆಯ ಸೀರೆ ಹೊದ್ದ ವಿಮಾನವನ್ನು ಯಾಕೆ ಬಿಚ್ಚುತ್ತೀರಿ? ಗೋಡೆಗೆ ನೇತುಹಾಕಿ, ಹಾರಿಸಲು ಬೇರೆ ಕಟ್ಟಿ. ಬಿಚ್ಚಲೇಬೇಕು ಅಂದರೆ ಅಕ್ಷರ, ಪಟ್ಟಿ ಎಲ್ಲ ಬಟರ್ ಪೇಪರ್ ಮೇಲೆ ಗುರುತು ಮಾಡಿಟ್ಟುಕೊಳ್ಳಿ. ನೀಲಿ ನೈಟ್ರೈಲ್ ಕೈಗವಸು ಮರೆಯಬೇಡಿ.

ನಾನೀಗ ಅಜ್ಜಮಾಡ ದೇವಯ್ಯನವರು 1965ರಲ್ಲಿ ಸರ್ಗೋಧಾ ಮೇಲೆ ಹಾರಿಸಿದ ಮಿಸ್ಟೇರ್ ಯುದ್ಧವಿಮಾನದ ಮಾದರಿ ಕಟ್ಟುತ್ತಿದ್ದೇನೆ. 70 ಎಂಎಂ ಫ್ಯಾನ್. ಮೂತಿ ಪೂರ್ತಿ ಬಾಲ್ಸಾ ಹಲಗೆಯದ್ದು.

ಕುಶಾಲನಗರ ಡೀಸೆಲ್:
ಥಿನ್ನರ್‌ನಲ್ಲಿ ಅಸಿಟೋನ್ ಇದ್ದರೆ ಅದು ಆ ನೀಲಿ ಕೈಗವಸನ್ನು ಬೇಗ ದಾಟಿ ಬರುತ್ತದೆ. ಆಗಾಗ ಬದಲಾಯಿಸಬೇಕು.

ಸ್ಕೇಲ್ ಸೋಮವಾರಪೇಟೆ:
ಕೈಗವಸೇ ಇಲ್ಲದೆ ಕೂರುವುದಕ್ಕಿಂತ ವಾಸಿ ತಾನೇ?

ಮಂಜಿನೂರು:
ಎಡ ರೆಕ್ಕೆ ಬಿಚ್ಚಿ ಆಯಿತು! ರಿಬ್ ಮೇಲಿನ ಪಟ್ಟಿ ಥಿನ್ನರ್‌ಗೆ ಚೆನ್ನಾಗಿ ಬಿಟ್ಟಿತು, ಒಂದು ಕಡೆಯೂ ಬಾಲ್ಸಾ ಏಳಲಿಲ್ಲ. ಹರಿದ ಬಟ್ಟೆ ಒಂದು ಚೀಲ ಆಗಿದೆ. ಬಚ್ಚಲೊಲೆಗೆ ಹಾಕಬಹುದಾ?

ಕುಶಾಲನಗರ ಡೀಸೆಲ್:
ಅಯ್ಯೋ ದೇವರೇ, ಒಲೆಗೆ ಬೇಡ! ನೀರಲ್ಲಿ ನೆನೆಸಿ, ಮನೆಯಿಂದ ದೂರ ಇಡಿ. ಥಿನ್ನರ್ ಹತ್ತಿಯನ್ನೂ ಉಂಡೆ ಮಾಡಿ ಬಿಡಬೇಡಿ.

ಇನ್ನೊಂದು ವಿಷಯ. ಹೊಸ ಡೋಪ್ ಈಗಲೇ ಹಚ್ಚಬೇಡಿ. ಮಡಿಕೇರಿಯ ಈ ಥಂಡಿಗೆ ಬಿಳಿಚಿಕೊಳ್ಳುತ್ತದೆ. ಮಳೆ ಪೂರ್ತಿ ಹೋಗಿ ಗಾಳಿ ಒಣಗಲಿ. ಮರದ ಮೇಲೆ ಹಳೇ ಪದರ ಉಳಿದಿದ್ದು ಅದು ಬ್ಯುಟಿರೇಟ್ ಆಗಿದ್ದರೆ, ಅದರ ಮೇಲೆ ನೈಟ್ರೇಟ್ ನಿಲ್ಲಲ್ಲ. ನೈಟ್ರೇಟ್ ಮೇಲೆ ಬ್ಯುಟಿರೇಟ್ ಆದರೆ ಪರವಾಗಿಲ್ಲ.

ಮಂಜಿನೂರು:
ಹಾಗಾದರೆ ಡಿಸೆಂಬರ್ ಹೋಯಿತು ಅಂತ ಆಯ್ತು. ಮೂತಿಯ ಹತ್ತಿರ ಇಂಧನದ ಹರಳೆಣ್ಣೆ ಕುಡಿದು ಮರ ಕಪ್ಪಾಗಿದೆ. ಅಲ್ಲಿ ಹೊಸ ಬಟ್ಟೆ ಹಿಡಿಯುತ್ತಾ? ಎಣ್ಣೆ ತೆಗೆಯೋದು ಹೇಗೆ?

ಗ್ಲೋಪ್ಲಗ್ ಗೋಣಿಕೊಪ್ಪ:
ಸ್ಕೇಲ್ ಅಣ್ಣ, ಮಿಸ್ಟೇರ್‌ಗೆ 70 ಸಾಲದು, 90 ಹಾಕಿ. ತೂಕ ಎಷ್ಟು ಬಂತು?

ಸ್ಕೇಲ್ ಸೋಮವಾರಪೇಟೆ:
90 ಹಾಕಿದರೆ ಬ್ಯಾಟರಿ ಎಲ್ಲಿಡೋದು? ಬೇರೆ ಚರ್ಚೆ ಶುರು ಮಾಡಿದ್ದೇನೆ, ಅಲ್ಲಿಗೆ ಬನ್ನಿ. ಆ ಹೀಟ್ ಗನ್ ಫೋಟೋನೂ ಹಾಕಿ.

ಮಂಜಿನೂರು:
ಮೂತಿಯ ಎಣ್ಣೆ ಬಗ್ಗೆ ಯಾರಾದರೂ?