ಮೊದಲ ಪ್ರದರ್ಶನ: ಗೆರೆ ಬಿದ್ದ ಬಟ್ಟಲು ಇಡಬಹುದಾ?

ಪ್ರಶ್ನೆ:
ಕುಂಬಾರರ ತಿಗರಿ ಮೇಲೆ ಕೈ ಈಗ ಸ್ವಲ್ಪ ಹದಕ್ಕೆ ಬಂದಿದೆ. ಒಂದು ಗುಂಪು ಪ್ರದರ್ಶನದಲ್ಲಿ ನನಗೂ ಮೇಜು ಸಿಕ್ಕಿದೆ, ತುಂಬಾ ಖುಷಿಯಾಗಿದೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ನೀಲಿ ಬಟ್ಟಲುಗಳ ಗ್ಲೇಜ್ (ಮಣ್ಣಿನ ಮೇಲಿನ ಗಾಜಿನಂಥ ಹೊಳಪಿನ ಲೇಪ) ತುಂಬಾ ಕೂದಲೆಳೆಯಂಥ ಗೆರೆಗಳಿವೆ. ಬೆರಳಿಗೆ ತಾಗುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ. ಇಡಲಾ, ಬೇಡವಾ?

ಉತ್ತರ 1:
ಖಂಡಿತ ಇಡಿ. ಆದರೆ ಊಟಕ್ಕೆ ಬಳಸುವ ಪಾತ್ರೆ ಅಂತ ಕೊಡಬೇಡಿ. ತಣ್ಣಗಾಗುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಹೀಗೆ ಬಿರಿಯುತ್ತದೆ. ಗ್ಲೇಜ್‌ಗೆ ಸಿಲಿಕಾ (ನುಣ್ಣಗಿನ ಬೆಣಚುಕಲ್ಲಿನ ಪುಡಿ) ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಪರೀಕ್ಷೆಯ ತುಂಡುಗಳನ್ನು ಸುಟ್ಟು ನೋಡಿ, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಚೀನಾದಲ್ಲಿ ಸಾಂಗ್ ಕಾಲದ (960–1279) ಗುವಾನ್ ಎಂಬ ಅರಮನೆಯ ಪಾತ್ರೆಗಳಲ್ಲಿ ಈ ಗೆರೆಗಳನ್ನು ಬೇಕೆಂದೇ ಮೂಡಿಸುತ್ತಿದ್ದರು. ಎಷ್ಟು ಚೆಂದ ಅಲ್ವಾ!

ಉತ್ತರ 2:
ಮಣ್ಣು ಪೂರ್ತಿ ಬೆಂದಿದೆಯಾ ಅನ್ನೋದು ಮುಖ್ಯ. ಬಟ್ಟಲಿಗೆ ನೀರು ತುಂಬಿ, ರಾತ್ರಿಯಿಡೀ ಒಣ ಕಾಗದದ ಮೇಲೆ ಇಡಿ. ಕಾಗದ ಒದ್ದೆಯಾದರೆ ನೀರು ಮಣ್ಣಿನೊಳಗೆ ಇಳಿಯುತ್ತಿದೆ ಅಂತಲೇ. ಸ್ಟೋನ್‌ವೇರ್ ಮಣ್ಣಿಗೆ (ಸುಟ್ಟಾಗ ಕಲ್ಲಿನಂತೆ ಗಟ್ಟಿಯಾಗುವಂಥದ್ದು) ಸುಮಾರು 1200 ಡಿಗ್ರಿ ಸೆಲ್ಸಿಯಸ್ ಮೇಲಿನ ಶಾಖ ಬೇಕು.

ಇನ್ನೊಂದು ಮಾತು. ಮೇಜಿನ ಮೇಲೆ ಎಲ್ಲವನ್ನೂ ಸುಮ್ನೆ ತುಂಬಬೇಡಿ. ಜನ ಎತ್ತಿ, ತಿರುಗಿಸಿ, ತಳ ನೋಡಲಿ. ತಳ ಒರಟಾಗಿದ್ದರೆ ಮೊದಲೇ ಉಜ್ಜಿ ನಯ ಮಾಡಿ.

ಪ್ರಶ್ನೆ ಕೇಳಿದವರು:
ನೀರಿಟ್ಟು ನೋಡಿದೆ. ಒಂದರ ಕೆಳಗೆ ಕಾಗದ ಉಂಗುರದ ಆಕಾರದಲ್ಲಿ ಒದ್ದೆಯಾಗಿತ್ತು, ಉಳಿದವು ಒಣಗಿದ್ದವು. ಆದರೂ ಎಲ್ಲದಕ್ಕೂ ‘ಅಲಂಕಾರಕ್ಕೆ ಮಾತ್ರ’ ಅಂತ ಚೀಟಿ ಹಚ್ಚುತ್ತೇನೆ. ಸಿಲಿಕಾ ಪರೀಕ್ಷೆ ಮುಂದಿನ ಸುಡುವಿಕೆಗೆ.