ಹರಿಹರನೋ ಅರ್ಧನಾರೀಶ್ವರನೋ: ಮೂರ್ತಿ ನೋಡಿ ಹೇಳೋದು ಹೇಗೆ?

ದಾವಣಗೆರೆ ಮೇಷ್ಟ್ರು: ಹೈಸ್ಕೂಲ್ ಮಕ್ಕಳನ್ನ ಹರಿಹರೇಶ್ವರ ದೇವಸ್ಥಾನಕ್ಕೆ ಕರ್ಕೊಂಡು ಹೋಗೋದಿದೆ. ಹೊರಡೋ ಮುಂಚೆ ಫೋಟೊ ತೋರಿಸಿ ಹರಿಹರ ಯಾವುದು, ಅರ್ಧನಾರೀಶ್ವರ ಯಾವುದು ಅಂತ ಹೇಳಿಕೊಡಬೇಕು. ಎರಡರಲ್ಲೂ ಅರ್ಧ ಶಿವನೇ. ಕೈ ಮುರಿದ ಮೂರ್ತಿಯಾದರೆ ಏನು ನೋಡೋದು? ಗುಹಾಸುರನ ಕಥೆಯನ್ನೂ ಚುಟುಕಾಗಿ ಹೇಳಿ.

ಕಲ್ಲುಕುಟಿಗ: ಶಿವನ ಅರ್ಧ ಬಿಟ್ಟುಬಿಡಿ ಸರ್. ಸಾಮಾನ್ಯವಾಗಿ ಎರಡರಲ್ಲೂ ಅದು ಮೂರ್ತಿಯ ಬಲಕ್ಕೆ, ಅಂದ್ರೆ ಎದುರು ನಿಂತ ನಮ್ಮ ಎಡಕ್ಕೆ ಬರುತ್ತೆ. ನೋಡಬೇಕಾದ್ದು ಇನ್ನರ್ಧ. ಅಲ್ಲಿ ಶಂಖವೋ ಚಕ್ರವೋ ಕಂಡರೆ ವಿಷ್ಣು, ಮಾತು ಮುಗೀತು. ಕೈ ಹೋಗಿದ್ದರೆ ಎದೆ ನೋಡಿ. ಆ ಪಕ್ಕ ಮಾತ್ರ ಸ್ತನವಿದ್ದು ಸೊಂಟ ಹೊರಕ್ಕೆ ಬಾಗಿದ್ದರೆ ಪಾರ್ವತಿ. ಎದೆಯೂ ಸವೆದಿದ್ದರೆ ತಲೆ. ನೆತ್ತಿಯ ನಡುವೆ ಗೆರೆ ಎಳೆದ ಹಾಗೆ ಒಂದು ಕಡೆ ಜಟೆ, ಇನ್ನೊಂದು ಕಡೆ ನೆಟ್ಟಗೆ ಎದ್ದ ಕಿರೀಟ ಇದ್ದರೆ ಹರಿಹರ. ಬಟ್ಟೆ ಮಾತ್ರ ನಂಬಬೇಡಿ. ಶಿವನ ತೊಡೆ ಮೇಲೆ ಗಿಡ್ಡ ಹುಲಿಚರ್ಮ, ಆಚೆ ಕಾಲಿಗೆ ಉದ್ದ ವಸ್ತ್ರ ಇರೋದು ಎರಡರಲ್ಲೂ ಉಂಟು.

ಹಳೇ ಬಾದಾಮಿ: ಬಾದಾಮಿಯ 1ನೇ ಗುಹೆಯ ಫೋಟೊ ತಗೊಳ್ಳಿ. 6ನೇ ಶತಮಾನದ ಕೆಲಸ. ಎರಡು ಮೂರ್ತಿಯೂ ಒಂದೇ ಮೊಗಸಾಲೆಯ ಆಚೆ ತುದಿ ಈಚೆ ತುದಿ ನಿಂತಿವೆ, ಹೋಲಿಸೋಕೆ ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ಹರಿಹರನ ಒಂದು ಕೈಯಲ್ಲಿ ಹಾವು ಸುತ್ತಿದ ಕೊಡಲಿ, ಇನ್ನೊಂದರಲ್ಲಿ ಶಂಖ. ಅಕ್ಕಪಕ್ಕ ಪಾರ್ವತಿ, ಲಕ್ಷ್ಮಿ. ಅರ್ಧನಾರೀಶ್ವರನ ಪಕ್ಕ ಬರೀ ಎಲುಬಿನ ಗೂಡಿನಂಥ ಒಬ್ಬ ನಿಂತಿದ್ದಾನಲ್ಲ, ಅವನು ಭೃಂಗಿ. ಶಿವನಿಗಷ್ಟೇ ಪ್ರದಕ್ಷಿಣೆ ಹಾಕ್ತೀನಿ ಅಂತ ಹಠ ಹಿಡಿದವನು. ಶಿವ ಪಾರ್ವತಿ ಒಂದೇ ಮೈಯಾದರೂ ದುಂಬಿಯಾಗಿ ನಡುವೆ ಕೊರೆಯೋಕೆ ಹೋದ. ದೇವಿಯ ಶಾಪಕ್ಕೆ ಮಾಂಸವೆಲ್ಲ ಕಳಕೊಂಡ. ಭೃಂಗಿ ಕಂಡರೆ ಹರಿಹರ ಅನ್ನೋ ಅನುಮಾನ ಬಿಡಿ.

ನೆಟ್‌ನಲ್ಲಿ ಸಿಗೋ ಫೋಟೊ ಎಷ್ಟೋ ಸಲ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತೆ. ಜಟೆ ನಿಮ್ಮ ಬಲಕ್ಕೆ ಬಂದಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ತುಂಗಭದ್ರೆ ದಂಡೆ: ಕಥೆ ಇಷ್ಟೇ ಐತಿ ಸರ್. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾವು ಬರಬಾರದು ಅಂತ ಗುಹಾಸುರ ಬ್ರಹ್ಮನ ಹತ್ರ ವರ ಇಸ್ಕೊಂಡ. ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು. ಆಗ ಬಂದವನು ಹರಿಯೂ ಅಲ್ಲ, ಹರನೂ ಅಲ್ಲ, ವರಕ್ಕೆ ಭಂಗವಿಲ್ಲ. ಈಗಿನ ಗುಡಿ 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು.

ಹೂವು, ವಸ್ತ್ರದ ಅಲಂಕಾರ ಆದಮೇಲೆ ಹೋದರೆ ಮಕ್ಕಳಿಗೆ ಮುಖ ಬಿಟ್ಟು ಏನೂ ಕಾಣಂಗಿಲ್ಲ. ಅಭಿಷೇಕ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಕೊಂಡು ಹೋಗ್ರಿ. ಆಯುಧ, ಕಿರೀಟ ನೋಡೋಕೆ ಅದೇ ಹೊತ್ತು.

ದಾವಣಗೆರೆ ಮೇಷ್ಟ್ರು: ಹಾಗಾದ್ರೆ ಅಯ್ಯಪ್ಪನೂ ಇದೇ ಗುಂಪಿಗೆ ಸೇರ್ತಾನಾ?

ಕಲ್ಲುಕುಟಿಗ: ಇಲ್ಲ ಸರ್. ಅವನು ಹರಿಹರಪುತ್ರ, ಮೋಹಿನಿಗೂ ಶಿವನಿಗೂ ಹುಟ್ಟಿದ ಮಗ. ಮೂರ್ತಿಯಲ್ಲಿ ಅರ್ಧ ಅರ್ಧ ಇರಲ್ಲ, ಕೂತ ಮಂಡಿಗೆ ಯೋಗಪಟ್ಟಿ ಬಿಗಿದಿರುತ್ತೆ.